ಕಂಡವನೇ ಬಲ್ಲವನು: ಮರೆಯಾದ ಒಂದು ಇಂಗ್ಲಿಷ್ ಕ್ರಿಯಾಪದ

ಮೋಶೆ ಸೀನಾಯಿ ಬೆಟ್ಟ ಇಳಿದು ಬರುವಾಗ ಅವನ ಮುಖ ಹೊಳೆಯುತ್ತಿತ್ತು, ಅದು ಅವನಿಗೇ ಗೊತ್ತಿರಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಈ ‘ಗೊತ್ತಿರಲಿಲ್ಲ’ ಎಂಬಲ್ಲಿ ಇರುವ ಕ್ರಿಯಾಪದ ಇಂದಿನ ‘ನೋ’ ಅಲ್ಲ, ‘ವಿಸ್ಟ್’. ಅದರ ಮೂಲ ರೂಪ ‘ವಿಟ್’, ವರ್ತಮಾನದಲ್ಲಿ ‘ವಾಟ್’. ಜರ್ಮನ್ನರು ಇದರ ಒಡಹುಟ್ಟಾದ ‘ವಿಸೆನ್’ ಅನ್ನು ಇಂದಿಗೂ ದಿನನಿತ್ಯ ಆಡುತ್ತಾರೆ. ಇಂಗ್ಲಿಷಿನವರು ಕೈಬಿಟ್ಟರು.

ಈ ಪದದ ಸೊಗಸು ಇರುವುದು ಅದರ ವ್ಯಾಕರಣದಲ್ಲಿ. ‘ವಾಟ್’ ಎಂದರೆ ‘ಬಲ್ಲೆ’ ಎಂದು ವರ್ತಮಾನದ ಅರ್ಥ, ಆದರೆ ರೂಪ ಮಾತ್ರ ಭೂತಕಾಲದ್ದು. ಕಾರಣ, ಮೂಲ ಧಾತುವಿಗೆ ‘ನೋಡು’ ಎಂಬ ಅರ್ಥವಿತ್ತು. ಕಂಡಿದ್ದೇನೆ, ಹಾಗಾಗಿ ಬಲ್ಲೆ. ಅದೇ ಧಾತುವಿನಿಂದ ಬಂದ ಲ್ಯಾಟಿನ್ನಿನ ‘ವಿಡೇರೆ’ ನೋಟದಲ್ಲೇ ಉಳಿಯಿತು, ನಮ್ಮ ‘ವಿಡಿಯೊ’ ಬಂದದ್ದು ಅಲ್ಲಿಂದ. ಸಂಸ್ಕೃತದ ‘ವಿದ್’ ಅರಿವಿನ ಕಡೆಗೆ ಹೊರಳಿತು. ನಾವು ಹೇಳುವ ವೇದ, ವಿದ್ಯೆ, ವಿದ್ವಾಂಸ ಎಲ್ಲವೂ ಆ ಬಳಗದವು.

ಸಂಸ್ಕೃತದಲ್ಲೂ ಅದೇ ವಿಚಿತ್ರವಿದೆ. ‘ಬಲ್ಲೆ’ ಎನ್ನಲು ‘ವೇದ್ಮಿ’ ಎನ್ನಬಹುದು, ‘ವೇದ’ ಎಂದರೂ ನಡೆಯುತ್ತದೆ. ಎರಡನೆಯದಕ್ಕೆ ಹತ್ತಿರುವುದು ಭೂತಕಾಲದ ಪ್ರತ್ಯಯ. ಪಾಣಿನಿ ಇದನ್ನು ಗಮನಿಸಿ, ಈ ಒಂದು ಧಾತುವಿಗಾಗಿಯೇ ವಿಕಲ್ಪದ ಸೂತ್ರ ಬರೆದಿಟ್ಟ. ಯುರೋಪಿನ ಹಳೆಯ ನುಡಿಗಳೊಂದಿಗೆ ಹೋಲಿಸದೆಯೇ ಅವುಗಳ ಒಂದು ಕೀಲನ್ನು ಆತ ಮುಟ್ಟಿದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಇನ್ನು ‘ವಿದ್’ನ ‘ದ’ಕಾರ ಇಂಗ್ಲಿಷಿನ ‘ವಿಟ್’ನಲ್ಲಿ ‘ಟ’ಕಾರವಾದದ್ದೇಕೆ? ದಶಕ್ಕೆ ಟೆನ್, ದ್ವಿಗೆ ಟೂ ಆದ ಹಾಗೆಯೇ. ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಈ ಧ್ವನಿಪಲ್ಲಟದ ನಿಯಮವನ್ನು ವಿವರಿಸಿದ.

‘ವಿಟ್’ ಅನ್ನು ಹೊರದಬ್ಬಿದ ‘ನೋ’ ಕೂಡ ನಮಗೆ ಪರಕೀಯವಲ್ಲ, ಅದು ‘ಜ್ಞಾನ’ದ ನೆಂಟ. ಸೋತ ಪದ ಕೋರ್ಟಿನಲ್ಲಿ ‘ವಿಟ್ನೆಸ್’ ಆಗಿ ಉಳಿದುಕೊಂಡಿದೆ.

ಕೊನೆಗೆ ಒಂದು ಹುಸಿ ಸಂತಾನವೂ ಹುಟ್ಟಿತು. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಇವಿಸ್’ ಎಂಬ ಅವ್ಯಯವಿತ್ತು, ಅರ್ಥ ‘ಖಂಡಿತವಾಗಿ’. ಬರಹದಲ್ಲಿ ಮೊದಲಕ್ಷರ ಬಿಡಿಯಾಗಿ ನಿಂತು, ‘ನಾನು’ ಎಂಬರ್ಥದ ‘ಐ’ಯಂತೆ ಕಾಣತೊಡಗಿತು. ಮುಂದಿನವರು ಅದನ್ನು ‘ಐ ವಿಸ್’ ಎಂದು ಓದಿ, ‘ನಾನು ಬಲ್ಲೆ’ ಎಂದು ತಿಳಿದರು. ಹಳೆಗಾಲದ ಬನಿ ಬಯಸಿದ ಕವಿಗಳು ಹಾಗೆಯೇ ಬಳಸಿದರು. ಹೀಗೆ ಎಂದೂ ಇರದಿದ್ದ ‘ವಿಸ್’ ಎಂಬ ಕ್ರಿಯಾಪದ ನಿಘಂಟು ಸೇರಿತು. ಆದರೂ ಅದು ಪೂರ್ತಿ ಹೊರಗಿನದಲ್ಲ: ‘ಇವಿಸ್’ ಹುಟ್ಟಿದ್ದೂ ‘ವಿದ್’ ಧಾತುವಿನ ಮನೆಯಲ್ಲೇ.