ದೂರವೈದ್ಯವೂ ಹತ್ತಿರದ ದಾದಿಯೂ

ಗೋಕಾಕದ ಜಲಪಾತದ ಬಳಿ 1887ರಷ್ಟು ಹಿಂದೆಯೇ ನೀರಿನ ಬಲದಿಂದ ವಿದ್ಯುತ್ತನ್ನು ಹುಟ್ಟಿಸಿದರೆಂದು ನಮ್ಮ ಭಾಗದ ಜನರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆ ಅಭಿಮಾನವು ಯೋಗ್ಯವಾದುದೇ. ಆದರೆ ಘಟಪ್ರಭೆಯ ಆ ಶಕ್ತಿಯು ಮೊದಲು ತಿರುಗಿಸಿದ್ದು ಗಿರಣಿಯ ಚಕ್ರಗಳನ್ನು. ನೆರೆಯ ಹುಕ್ಕೇರಿಯ ಗ್ರಾಮಸ್ಥರು ಸಹಕಾರ ಸಂಘವನ್ನು ಕಟ್ಟಿ ತಮ್ಮ ಹಳ್ಳಿಗಳಿಗೆ ತಾವೇ ದೀಪ ತರುವ ಉದ್ಯಮಕ್ಕೆ ಕೈಹಾಕಿದ್ದು 1969ರಲ್ಲಿ. ಯಂತ್ರವು ಊರಿಗೆ ಬರುವುದು ಬೇರೆ, ಅದರ ಫಲವು ಬಡವನ ಮನೆಯನ್ನು ಮುಟ್ಟುವುದು ಬೇರೆ ಎಂಬುದಕ್ಕೆ ಈ ಎಂಬತ್ತೆರಡು ವರ್ಷಗಳ ಅಂತರವೇ ಸಾಕ್ಷಿ. ಇಂದು ವೈದ್ಯಕೀಯದ ಕ್ಷೇತ್ರದಲ್ಲಿ ಹೊಸ ಯಂತ್ರವೊಂದು ನಮ್ಮ ಬಾಗಿಲಿಗೆ ಬಂದಿರುವಾಗ ಈ ಹಳೆಯ ಪಾಠವನ್ನು ನೆನೆಯುವುದು ಅವಶ್ಯವಾಗಿದೆ.

ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿದ 'ಇ-ಸಂಜೀವನಿ'ಯ ಮೂಲಕ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕುಳಿತ ರೋಗಿಯು ದೂರದ ವೈದ್ಯರನ್ನು ಪರದೆಯ ಮೇಲೆ ಕಂಡು ಮಾತನಾಡಬಲ್ಲನು. 2020ರ ಮಾರ್ಚಿಯಲ್ಲಿ ದೂರವೈದ್ಯಕ್ಕೆ ನಿಯಮಾವಳಿಯೂ ಬಂದಿತು. 2021ರ ಸಪ್ಟಂಬರದಲ್ಲಿ ಪ್ರತಿಯೊಬ್ಬನ ರೋಗವೃತ್ತಾಂತವನ್ನು ಹದಿನಾಲ್ಕು ಅಂಕಿಗಳ ಒಂದು ಸಂಖ್ಯೆಗೆ ಜೋಡಿಸುವ ಯೋಜನೆಯು ದೇಶದಾದ್ಯಂತ ಜಾರಿಯಾಯಿತು. ಮಾನಸಿಕ ವ್ಯಥೆಯುಳ್ಳವರಿಗಾಗಿ 2022ರ ಅಕ್ಟೋಬರದಲ್ಲಿ 'ಟೆಲಿ-ಮಾನಸ್' ಎಂಬ 14416 ಸಂಖ್ಯೆಯ ದೂರವಾಣಿ ಸೇವೆಯು ಹೊರಟಿತು. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ.

ಇವೆಲ್ಲ ಉಪಕಾರಿಯಾದ ಸಾಧನಗಳೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮೂಡಲಗಿಯ ಕಡೆಯ ಕಬ್ಬಿನ ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಜಿಲ್ಲಾ ಕೇಂದ್ರದ ತಜ್ಞರನ್ನು ಕಾಣಬೇಕಾದರೆ ಒಂದು ದಿನದ ಕೂಲಿಯನ್ನು ಬಿಡಬೇಕು, ಬಸ್ಸಿನ ಖರ್ಚನ್ನು ಹೊರಬೇಕು, ಜೊತೆಗೊಬ್ಬರನ್ನು ಕರೆದೊಯ್ಯಬೇಕು. ಈ ತೊಂದರೆಯನ್ನು ತಪ್ಪಿಸುವ ಸಾಧನವನ್ನು ಬೇಡವೆನ್ನುವವನು ಬಡವರ ಮಿತ್ರನಲ್ಲ. ಆದರೆ ಸಾಧನವು ತಾನೇ ಸಾಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಪರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಅದು ದೊರೆಯುತ್ತದೆ.

2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟ ಜಿಲ್ಲೆಗಳ ಗ್ರಾಮಭಾಗಗಳಲ್ಲಿ 'ಕ್ಲಿಪ್' ಎಂಬ ಹೆಸರಿನ ದೊಡ್ಡ ಪ್ರಯೋಗವೊಂದು ನಡೆಯಿತು. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಇದರಲ್ಲಿ ಮುಖ್ಯ ಪಾತ್ರ ವಹಿಸಿದ್ದರು. ಗರ್ಭಿಣಿಯರ ರಕ್ತದೊತ್ತಡವು ಏರಿ ತಾಯಿ-ಮಕ್ಕಳಿಬ್ಬರ ಪ್ರಾಣಕ್ಕೂ ಎರವಾಗುವ ರೋಗವನ್ನು ಮನೆಬಾಗಿಲಿನಲ್ಲಿಯೇ ಗುರುತಿಸುವುದು ಇದರ ಉದ್ದೇಶ. ಆಶಾ ಕಾರ್ಯಕರ್ತೆಯರ ಹಾಗೂ ದಾದಿಯರ ಕೈಗೆ ಟ್ಯಾಬ್ಲೆಟ್ ಯಂತ್ರವನ್ನೂ, ರಕ್ತದೊತ್ತಡ ಅಳೆಯುವ ಉಪಕರಣವನ್ನೂ, ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕವನ್ನು ತಿಳಿಯುವ ಸಾಧನವನ್ನೂ ಕೊಡಲಾಯಿತು. ಗರ್ಭಿಣಿಯ ಲಕ್ಷಣಗಳನ್ನು ನಮೂದಿಸಿದೊಡನೆ ಅಪಾಯವೆಷ್ಟು, ಗುಳಿಗೆ ಕೊಡಬೇಕೆ, ಸೂಜಿಮದ್ದು ಹಾಕಬೇಕೆ, ಕೂಡಲೇ ದವಾಖಾನೆಗೆ ಕಳಿಸಬೇಕೆ ಎಂಬುದನ್ನು ಯಂತ್ರವು ತಿಳಿಸುತ್ತಿತ್ತು. ನಮ್ಮ ಭಾಗದಲ್ಲಿಯೇ 14,783 ಗರ್ಭಿಣಿಯರು ಈ ಅಧ್ಯಯನಕ್ಕೆ ಒಳಪಟ್ಟರು. ಪಾಕಿಸ್ತಾನ, ಮೊಝಾಂಬಿಕ್ ದೇಶಗಳಲ್ಲಿಯೂ ಇದೇ ಪ್ರಯೋಗವು ನಡೆಯಿತು.

2020ರಲ್ಲಿ ಪ್ರಕಟವಾದ ಫಲಿತಾಂಶವು ಉತ್ಸಾಹಿಗಳನ್ನು ವಿಚಾರಕ್ಕೆ ಹಚ್ಚತಕ್ಕದ್ದಾಗಿತ್ತು. ತಾಯಂದಿರ, ಶಿಶುಗಳ ಸಾವುನೋವನ್ನು ಒಟ್ಟಾಗಿ ಲೆಕ್ಕಹಾಕಿದಾಗ ಯಂತ್ರ ಬಂದ ಊರುಗಳಿಗೂ ಬಾರದ ಊರುಗಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಮೂರೂ ದೇಶಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ ಇನ್ನೊಂದು ಸಂಗತಿ ಗೋಚರಿಸಿತು. ಯಾವ ಗರ್ಭಿಣಿಯನ್ನು ಯಂತ್ರಸಹಿತಳಾದ ಕಾರ್ಯಕರ್ತೆಯು ಎಂಟು ಅಥವಾ ಹೆಚ್ಚು ಸಲ ಕಂಡಿದ್ದಳೋ, ಅಂಥವರಲ್ಲಿ ಸತ್ತು ಹುಟ್ಟುವ ಶಿಶುಗಳು ಕಡಿಮೆಯಾಗಿದ್ದವು. ಇದನ್ನು ಕೊನೆಯ ಪ್ರಮಾಣವೆಂದು ಹೇಳಲಾಗದು. ಹೆಚ್ಚು ಸಲ ಕಾಣಸಿಕ್ಕವರ ಸ್ಥಿತಿಗತಿಗಳೇ ಬೇರೆಯಾಗಿದ್ದಿರಬಹುದು. ಆದರೂ ಅದರ ಸೂಚನೆಯು ಸ್ಪಷ್ಟವಾಗಿದೆ. ಬಾಗಿಲನ್ನು ಮತ್ತೆ ಮತ್ತೆ ತಟ್ಟುವ ಮನುಷ್ಯರಿದ್ದಲ್ಲಿಯೇ ಯಂತ್ರಕ್ಕೆ ಬೆಲೆಯುಂಟು.

ಕಾರಣವು ಗೂಢವಾದುದಲ್ಲ. ಯಂತ್ರವು 'ಈಕೆಯನ್ನು ದವಾಖಾನೆಗೆ ಒಯ್ಯಿರಿ' ಎಂದು ಹೇಳಬಲ್ಲದು. ಆ ದವಾಖಾನೆಯಲ್ಲಿ ಪ್ರಸೂತಿ ತಜ್ಞರಿರುವಂತೆ, ರಕ್ತ ಸಿಗುವಂತೆ, ಗಾಡಿಯು ಹೊತ್ತಿಗೆ ಬರುವಂತೆ ಅದು ಮಾಡಲಾರದು. ಹೊಟ್ಟೆನೋವೆಂದು ಬಂದವನ ಹೊಟ್ಟೆಯನ್ನು ಮುಟ್ಟಿ ನೋಡಲು ಪರದೆಯೊಳಗಿನ ವೈದ್ಯರಿಗೆ ಕೈಗಳಿಲ್ಲ. ರೋಗಿಯ ಬಳಿಯಲ್ಲಿ ನಿಂತ ದಾದಿಯ ಕೈಗಳೇ ಅವರ ಕೈಗಳು. ಆ ಕೈಗಳು ಪಳಗಿದವಾಗಿದ್ದರೆ ದೂರವೈದ್ಯವು ವರ; ಇಲ್ಲವಾದರೆ ಅದು ಬರಿಯ ಸಂಭಾಷಣೆ.

ಕೈಗಳನ್ನು ಪಳಗಿಸುವುದು ಸಾಧ್ಯವೆಂಬುದನ್ನೂ ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ. ಹುಟ್ಟಿದೊಡನೆ ಉಸಿರಾಡದ ಶಿಶುವಿಗೆ ಉಸಿರು ತರಿಸುವ ವಿಧಾನವನ್ನು ಗೊಂಬೆಗಳ ಮೇಲೆ ಕಲಿಸುವ ತರಬೇತಿಯೊಂದನ್ನು ಬೆಳಗಾವಿ ಜಿಲ್ಲೆಯ ದವಾಖಾನೆಗಳಲ್ಲಿ 599 ಜನ ಪ್ರಸೂತಿ ಸಹಾಯಕರಿಗೆ ಕೊಡಲಾಯಿತು. 2013ರಲ್ಲಿ ಪ್ರಕಟವಾದ ಅದರ ವರದಿಯ ಮೇರೆಗೆ, ಸತ್ತು ಹುಟ್ಟುವ ಶಿಶುಗಳ ಪ್ರಮಾಣವು ನೂರಕ್ಕೆ 3.0ರಿಂದ 2.3ಕ್ಕೆ ಇಳಿಯಿತು. ಸತ್ತಿದೆಯೆಂದು ಬದಿಗಿರಿಸಲ್ಪಡುತ್ತಿದ್ದ ಕೆಲವು ಕೂಸುಗಳು ಉಸಿರಿಗಾಗಿ ಕಾಯುತ್ತಿದ್ದವು ಎಂಬುದೇ ಇದರ ಅರ್ಥವಲ್ಲವೆ? ಹುಟ್ಟಿದ ಮೇಲಿನ ದಿನಗಳ ಶಿಶುಮರಣವು ಮಾತ್ರ ಇಳಿಯಲಿಲ್ಲವೆಂಬುದನ್ನೂ ಹೇಳಬೇಕು. ಅದಕ್ಕೆ ಮುಂದಿನ ಆರೈಕೆಯು ಬೇಕು. ಆದರೂ ಒಂದು ಗೊಂಬೆ, ಒಂದು ಗಾಳಿಚೀಲ, ತಾಳ್ಮೆಯ ಶಿಕ್ಷಕ, ಇಷ್ಟರಿಂದಲೇ ಇಷ್ಟು ಸಾಧಿಸಿತು. 2019ರಿಂದ ನಮ್ಮ ವೈದ್ಯಕೀಯ ಶಿಕ್ಷಣದ ಪಠ್ಯಕ್ರಮವೂ ಬರಿಯ ಕಂಠಪಾಠವನ್ನು ಬಿಟ್ಟು ಕೈಗೆಲಸದ ಕೌಶಲ್ಯಕ್ಕೆ ಒತ್ತು ಕೊಡುತ್ತಲಿದೆ. ಪರದೆಯ ಮೂಲಕ ರೋಗಿಯನ್ನು ವಿಚಾರಿಸುವ ರೀತಿಯನ್ನೂ, ಯಾವಾಗ ಪರದೆಯನ್ನು ನಂಬಬಾರದೆಂಬುದನ್ನೂ ಭಾವೀ ವೈದ್ಯರಿಗೆ ಕಲಿಸತಕ್ಕದ್ದು.

ಇನ್ನು ಆಶಾ ಕಾರ್ಯಕರ್ತೆಯರ ವಿಷಯ. ಈ ಹೊಸ ವ್ಯವಸ್ಥೆಯ ಭಾರವೆಲ್ಲ ಕೊನೆಗೆ ಬೀಳುವುದು ಅವರ ಹೆಗಲ ಮೇಲೆಯೇ. 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ಚಳಿಯಲ್ಲಿ ಹಗಲಿರುಳು ಧರಣಿ ಕುಳಿತಾಗ, ಮಾಡಿದ ಕೆಲಸವು ಗಣಕದ ಪೋರ್ಟಲಿನಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನವು ತಪ್ಪಿಹೋಗುವುದೆಂಬುದು ಅವರ ದೂರುಗಳಲ್ಲೊಂದಾಗಿತ್ತು. ಮಾಸಿಕ ಕನಿಷ್ಠ ಹತ್ತು ಸಾವಿರ ರೂಪಾಯಿಗಳ ಆಶ್ವಾಸನವನ್ನು ಸರಕಾರವು ಆಗ ಕೊಟ್ಟಿತು. ಬಾಣಂತಿಯ ಮನೆಗೆ ನಡೆದುಹೋದವಳ ದುಡಿಮೆಯನ್ನು ಯಂತ್ರವು ಕಾಣದಿದ್ದರೆ ಆ ತಪ್ಪು ಯಂತ್ರದ್ದು. ದಂಡವನ್ನು ಆಕೆ ತೆರಬೇಕೆಂಬುದು ಯಾವ ನ್ಯಾಯ?

ಭಾಷೆಯ ಮಾತನ್ನೂ ಮರೆಯಲಾಗದು. ಹುಕ್ಕೇರಿ, ಸಂಕೇಶ್ವರಗಳ ಕಡೆಯ ರೋಗಿಯು ಒಮ್ಮೆ ಬೆಳಗಾವಿಗೆ, ಒಮ್ಮೆ ಮೀರಜಿಗೆ ಇಲ್ಲವೆ ಕೊಲ್ಲಾಪುರಕ್ಕೆ ಹೋಗುವನು. ಅವನ ಕಾಗದಗಳು ಒಂದೆಡೆ ಸೇರುವುದು ಹಿತವೇ ಸರಿ. ಆದರೆ ಆತನು 'ಒಪ್ಪಿಗೆ' ಎಂದು ಬೆರಳೊತ್ತುವ ಬರಹವು ಆತನಿಗೆ ತಿಳಿಯುವ ಕನ್ನಡದಲ್ಲಿರಬೇಕು. ತನ್ನ ರೋಗದ ಗುಟ್ಟು ಯಾರ ಕೈಸೇರುವುದೆಂಬುದು ಆತನಿಗೆ ಗೊತ್ತಿರಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯಾಗಿದೆ. ಅದು ಕಡತದಲ್ಲುಳಿಯದೆ ಆರೋಗ್ಯ ಕೇಂದ್ರದ ಮೇಜಿನವರೆಗೆ ಬರಬೇಕು.

ನಮ್ಮ ಅಧಿಕಾರಿಗಳೂ ಜನಪ್ರತಿನಿಧಿಗಳೂ ಇನ್ನು ಮುಂದೆ ಎಷ್ಟು ಯಂತ್ರಗಳನ್ನು ಹಂಚಿದೆವೆಂಬ ಲೆಕ್ಕವನ್ನಲ್ಲ, ಪ್ರತಿಯೊಬ್ಬ ಗರ್ಭಿಣಿಯನ್ನು ಎಷ್ಟು ಸಲ ಕಂಡೆವು, ಕಳಿಸಿದ ದವಾಖಾನೆಯಲ್ಲಿ ಆಕೆಗೆ ಏನು ದೊರೆಯಿತು ಎಂಬ ಲೆಕ್ಕವನ್ನು ಒಪ್ಪಿಸಲಿ. ನಾಗರಿಕರಿಗೂ ಇಲ್ಲಿ ಕರ್ತವ್ಯವಿದೆ. ದೀಪಕ್ಕಾಗಿ ಸಹಕಾರ ಸಂಘವನ್ನು ಕಟ್ಟಿದ ನಾಡು ಇದು. ಘಟಪ್ರಭೆಯಲ್ಲಿ ಸಹಕಾರಿ ತತ್ತ್ವದ ಮೇಲೆ ಆಸ್ಪತ್ರೆಯನ್ನೇ ನಡೆಸಿದ ನಾಡು ಇದು. ಅಂಥವರು ತಮ್ಮೂರಿನ ಆರೋಗ್ಯ ಕೇಂದ್ರದ ಹೊಸ್ತಿಲನ್ನು ತುಳಿದು, ಅಲ್ಲಿ ಪರದೆಯೊಡನೆ ದಾದಿಯೂ ಇದ್ದಾಳೆಯೇ ಎಂದು ವಿಚಾರಿಸಲಾರರೆ? ಜಲಪಾತದ ಶಕ್ತಿಯು ಗುಡಿಸಲಿನ ದೀಪವಾಗಲು ಎಂಬತ್ತೆರಡು ವರ್ಷ ಕಾದೆವು. ಹೆರಿಗೆಯ ಹೊತ್ತಿನ ತಾಯಿಯು ಅಷ್ಟು ಕಾಯಲಾರಳು.