ನೀರುಬಣ್ಣದ ಹವ್ಯಾಸ ಮತ್ತು ಅರ್ಧ ಮುಗಿದ ಚಿತ್ರಗಳು

ಚಿತ್ರಕಲೆಯೆಂದರೆ ಹುಟ್ಟಿನಿಂದ ಬರಬೇಕಾದ ವರವೆಂದೂ, ಅದಕ್ಕೆ ಬಿಡುವು, ಹಣ, ದೊಡ್ಡ ಮನೆ ಈ ಮೂರೂ ಬೇಕೆಂದೂ ನಮ್ಮಲ್ಲಿ ಅನೇಕರ ಎಣಿಕೆ. ತೈಲಚಿತ್ರದ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಎಣ್ಣೆಬಣ್ಣದ ವಾಸನೆಯನ್ನು ಹತ್ತು ಜನ ಮಲಗುವ ಖೋಲಿಯಲ್ಲಿ ಯಾರೂ ತಾಳಲಾರರು. ಬರೆದ ಚಿತ್ರ ಒಣಗಲು ದಿನಗಟ್ಟಲೆ ಬೇಕು, ಒರಗಿಸಿಡಲು ಗೋಡೆ ಬೇಕು. ನೀರುಬಣ್ಣದ ಸಂಗತಿಯೇ ಬೇರೆ. ಅಂಗೈಯಗಲದ ಒಂದು ಪೆಟ್ಟಿಗೆ, ಒಂದೆರಡು ಕುಂಚ, ಕಾಗದ, ನೀರು ತುಂಬಿದ ಎರಡು ಲೋಟ, ಇಷ್ಟಿದ್ದರೆ ಕೆಲಸ ಮೊದಲಾಗುತ್ತದೆ. ಏಳುವಾಗ ಎಲ್ಲವನ್ನೂ ಟ್ರಂಕಿನ ಮೂಲೆಗೆ ಸೇರಿಸಿಡಬಹುದು. ಪಾಳಿಯ ಕೆಲಸದವರಿಗೂ ಗುಮಾಸ್ತರಿಗೂ, ಊರು ಬಿಟ್ಟು ಬಂದು ಒಂದು ಹಾಸಿಗೆಯಷ್ಟು ಜಾಗದಲ್ಲಿ ದಿನ ಕಳೆಯುವವರಿಗೂ ಇದಕ್ಕಿಂತ ಅನುಕೂಲವಾದ ಕಲೆ ಮತ್ತೊಂದು ನನಗೆ ಕಾಣದು.

ಈ ಬಣ್ಣದಲ್ಲಿ ಇರುವುದು ಮುಖ್ಯವಾಗಿ ಎರಡೇ ವಸ್ತು: ನುಣ್ಣಗೆ ಅರೆದ ಬಣ್ಣದ ಪುಡಿ, ಮತ್ತು ಅದನ್ನು ಕಾಗದಕ್ಕೆ ಹಿಡಿಸುವ ಗೋಂದು. ಗೋಂದು ನಮ್ಮ ಜಾಲಿಯ ಜಾತಿಗೆ ಸೇರಿದ ಮರದ್ದು. ಬಿಲ್ಲೆ ಒಣಗಿ ಬಿರಿಯದಿರಲೆಂದು ಜೇನುತುಪ್ಪವನ್ನೋ ಗ್ಲಿಸರಿನ್ನನ್ನೋ ಸ್ವಲ್ಪ ಸೇರಿಸುತ್ತಾರೆ. ಹಿಂದೆ ಚಿತ್ರಗಾರರು ಇದನ್ನೆಲ್ಲ ತಾವೇ ಅರೆದುಕೊಳ್ಳಬೇಕಾಗಿತ್ತು. ಲಂಡನ್ನಿನಲ್ಲಿ ೧೮೩೨ರಲ್ಲಿ ಆರಂಭವಾದ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯು ಕೆಲವೇ ವರ್ಷಗಳಲ್ಲಿ, ಒದ್ದೆ ಕುಂಚ ತಾಗಿದೊಡನೆ ಕರಗುವ ಮೆತ್ತನೆಯ ಬಿಲ್ಲೆಗಳನ್ನು ಮಾರಾಟಕ್ಕೆ ತಂದಿತು. ೧೮೪೧ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಗಾರ ಹಿಚುಕಿ ಬಣ್ಣ ತೆಗೆಯುವ ಲೋಹದ ಕೊಳವೆಯನ್ನು ಕಂಡುಹಿಡಿದ. ನಮ್ಮ ಮುಂಬಯಿಯಲ್ಲಿ ೧೯೩೧ರಲ್ಲಿ ದಾಂಡೇಕರರು ಶಾಯಿಯ ಪುಡಿ ಮಾಡುತ್ತ ಆರಂಭಿಸಿದ ಉದ್ಯಮವೇ ಮುಂದೆ ಕ್ಯಾಮ್ಲಿನ್ ಆಯಿತು. ಅದರ ಒಂಟೆ ಗುರುತಿನ ಬಣ್ಣದ ಪೆಟ್ಟಿಗೆಯನ್ನು ಶಾಲೆಯಲ್ಲಿ ನೋಡದವರು ವಿರಳ.

ಎಣ್ಣೆಬಣ್ಣಕ್ಕೂ ಇದಕ್ಕೂ ಇರುವ ದೊಡ್ಡ ಭೇದ ಬೆಳಕಿನದು. ನೀರುಬಣ್ಣದ ಪದರು ತೆಳುವಾದ ಬಣ್ಣದ ಗಾಜಿನಂತೆ. ಬೆಳಕು ಅದರೊಳಗೆ ಹಾಯ್ದು, ಕೆಳಗಿನ ಬಿಳಿ ಕಾಗದಕ್ಕೆ ತಾಗಿ, ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಆದ್ದರಿಂದ ಚಿತ್ರದಲ್ಲಿ ಬಿಳಿ ಎಂದರೆ ಬಣ್ಣವಲ್ಲ, ಬಣ್ಣ ಹಚ್ಚದೆ ಬಿಟ್ಟ ಕಾಗದ. ಒಗೆದು ಒಣಹಾಕಿದ ಪಂಚೆಯನ್ನು ಬರೆಯಬೇಕಾದರೆ ಪಂಚೆಯನ್ನು ಬರೆಯುವುದಿಲ್ಲ. ಅದರ ಸುತ್ತಲಿನ ಗೋಡೆ, ನೆರಳು, ಕಿಟಕಿ ಇವನ್ನು ಬರೆದು ಪಂಚೆಯನ್ನು ಉಳಿಸಿಕೊಳ್ಳುತ್ತೇವೆ. ತಿಳಿಬಣ್ಣ ಮೊದಲು, ಗಾಢಬಣ್ಣ ಆಮೇಲೆ. ಒಮ್ಮೆ ಗಾಢವಾದದ್ದನ್ನು ಮತ್ತೆ ತಿಳಿ ಮಾಡುವುದು ಕಷ್ಟ. ಯಾವುದನ್ನು ಬಿಡಬೇಕೆಂದು ಮೊದಲೇ ಯೋಚಿಸುವುದರಲ್ಲಿಯೇ ಈ ಕಲೆಯ ಅರ್ಧ ಕೆಲಸವಿದೆ.

ನಮ್ಮ ನಾಡಿನಲ್ಲಿ ಇದನ್ನು ಸಾಧಿಸಿದವರು ಹಲವರು. ಮೈಸೂರಿನ ಕೆ. ವೆಂಕಟಪ್ಪನವರು (೧೮೮೬–೧೯೬೫) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತವರು. ಜಪಾನಿನ ಚಿತ್ರಗಾರರನ್ನು ನೋಡಿ ಠಾಕೂರರು ರೂಢಿಸಿಕೊಂಡ ಒಂದು ರೀತಿಯಿತ್ತು: ಬಣ್ಣ ಹಚ್ಚಿದ ಚಿತ್ರವನ್ನೇ ನೀರಿನಲ್ಲಿ ತೋಯಿಸಿ, ಒಣಗಿಸಿ, ಮತ್ತೆ ಬಣ್ಣ ಹಚ್ಚುವುದು. ವೆಂಕಟಪ್ಪನವರು ಉದಕಮಂಡಲದ ಮಂಜು, ಗುಡ್ಡಗಳನ್ನು ಬರೆದ ಚಿತ್ರಗಳನ್ನು ಬೆಂಗಳೂರಿಗೆ ಹೋದಾಗ ಅವರ ಹೆಸರಿನ ಚಿತ್ರಶಾಲೆಯಲ್ಲಿ ನೋಡಬೇಕು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು (೧೯೧೦–೧೯೮೮) ಬೆಂಗಳೂರಿನ ಹೂಬಿಟ್ಟ ಸಾಲುಮರಗಳನ್ನೇ ವ್ರತದಂತೆ ಬರೆದರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಕೆ. ಕೆ. ಹೆಬ್ಬಾರರಿಗೆ (೧೯೧೧–೧೯೯೬) ಹೆಚ್ಚು ಹೆಸರು ತಂದದ್ದು ತೈಲಚಿತ್ರ ಮತ್ತು ರೇಖಾಚಿತ್ರ. ಆದರೂ ಈ ಊರಿನ ಕನ್ನಡಿಗರಾದ ನಾವು ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇನ್ನು ಸಾಮಗ್ರಿ. ಹೊಸಬರು ಬಣ್ಣಕ್ಕೆ ಹೆಚ್ಚು ಖರ್ಚು ಮಾಡಿ ಕಾಗದದಲ್ಲಿ ಉಳಿಸಲು ನೋಡುತ್ತಾರೆ. ಮಾಡಬೇಕಾದದ್ದು ಇದರ ತಿರುವುಮುರುವು. ನಮ್ಮ ಖಾತೆ ಪುಸ್ತಕದ ಹಾಳೆಯ ಮೇಲೆ ಶಾಯಿ ಹರಡದೆ ನಿಲ್ಲುತ್ತದೆ, ಒತ್ತುಕಾಗದದ ಮೇಲೆ ಬಿದ್ದರೆ ಹೀರಿಹೋಗುತ್ತದೆ. ಖಾತೆಯ ಕಾಗದಕ್ಕೆ ಒಂದು ಬಗೆಯ ಸರಿ ಹಾಕಿರುತ್ತಾರೆ, ಒತ್ತುಕಾಗದಕ್ಕೆ ಇಲ್ಲ. ಚಿತ್ರದ ಕಾಗದಕ್ಕೂ ಹೀಗೆಯೇ ಸರಿ ಬೇಕು. ಇಲ್ಲದಿದ್ದರೆ ಬಣ್ಣ ಕುಂಚದಿಂದ ಇಳಿದ ಕ್ಷಣವೇ ಒಳಗೆ ಸೇರಿ ಅಲ್ಲಾಡದು. ಎರಡನೆಯದು ದಪ್ಪ. ಕಾಗದದ ತೂಕವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ, ಅಂಗಡಿಯಲ್ಲಿ ಜಿ.ಎಸ್.ಎಂ. ಎಂದು ಕೇಳಿದರೆ ಸಾಕು. ೩೦೦ರದು ನೀರು ಕುಡಿದರೂ ಹೆಚ್ಚು ಸುಕ್ಕಾಗದು. ಅದಕ್ಕಿಂತ ತೆಳುವಾದದ್ದನ್ನು ಒದ್ದೆ ಮಾಡಿ, ಹಲಗೆಯ ಮೇಲೆ ಹರಡಿ, ನಾಲ್ಕೂ ಅಂಚಿಗೆ ಗೋಂದಿನ ಪಟ್ಟಿ ಅಂಟಿಸಿ ಒಣಗಿಸಿದರೆ ತಮಟೆಯ ಚರ್ಮದಂತೆ ಬಿಗಿದು ನಿಲ್ಲುತ್ತದೆ. ಹತ್ತಿ ಚಿಂದಿಯಿಂದ ಮಾಡಿದ ಕಾಗದ ಎಲ್ಲಕ್ಕೂ ಮೇಲು. ಪುಣೆಯಲ್ಲಿ ೧೯೪೦ರಲ್ಲಿ ಆರಂಭವಾದ ಕೈಕಾಗದದ ಸಂಸ್ಥೆಯ ಹೆಸರನ್ನು ಅಲ್ಲಿನ ನಮ್ಮವರು ಕೇಳಿರಬಹುದು. ಒಂದು ದೊಡ್ಡ ಹಾಳೆ ಕೊಂಡು ಎಂಟು ತುಂಡು ಮಾಡಿಕೊಂಡರೆ ಎರಡು ತಿಂಗಳ ಭಾನುವಾರಗಳಿಗೆ ಆಯಿತು.

ಕುಂಚ ಒಂದೇ ಸಾಕು, ಗುಂಡು ಆಕಾರದ್ದು, ೮ನೆಯ ನಂಬರಿನದು. ನೀರಿನಲ್ಲಿ ಅದ್ದಿ ಝಾಡಿಸಿದರೆ ಅದು ತಾನಾಗಿಯೇ ಚೂಪಾಗಬೇಕು. ಎರಡಾಗಿ ಸೀಳಿದರೆ ಕೊಳ್ಳಬೇಡಿ. ಬಣ್ಣ ಕಲಸಲು ಬಿಳಿಯ ಪಿಂಗಾಣಿ ತಟ್ಟೆ. ಹನ್ನೆರಡು ಬಿಲ್ಲೆಯ ವಿದ್ಯಾರ್ಥಿ ಪೆಟ್ಟಿಗೆಯಲ್ಲಿಯೂ ಮೊದಲ ವರ್ಷ ನಾಲ್ಕನ್ನೇ ಬಳಸಿರೆಂದು ನನ್ನ ಸಲಹೆ: ನಿಂಬೆ ಹಳದಿ, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಸುಟ್ಟ ಮಣ್ಣಿನ ಬಣ್ಣದ ಬರ್ಂಟ್ ಸಿಯೆನ್ನಾ. ಕೊನೆಯ ಎರಡನ್ನು ಕಲಸಿದರೆ ಮಳೆಮೋಡದಿಂದ ಹಿಡಿದು ಗಿರಣಿಯ ಚಿಮಣಿಯವರೆಗಿನ ಎಲ್ಲ ಬೂದು ಬಣ್ಣಗಳೂ ಬರುತ್ತವೆ. ಪೆಟ್ಟಿಗೆಯ ಕಪ್ಪನ್ನು ಮರೆತೇಬಿಡಿ, ಅದು ಚಿತ್ರವನ್ನು ಕೊಳೆ ಮಾಡುತ್ತದೆ.

ಮೊದಲ ಪಾಠಕ್ಕೆ ವಾಶ್ ಎನ್ನುತ್ತಾರೆ, ಎಂದರೆ ತೆಳುಬಣ್ಣವನ್ನು ಕಲೆಯಿಲ್ಲದೆ ಹಾಸುವುದು. ಹಲಗೆಯ ಮೇಲಂಚಿಗೆ ಒಂದು ಪುಸ್ತಕ ಒತ್ತುಕೊಟ್ಟು ಸ್ವಲ್ಪ ಓರೆ ಮಾಡಿ. ಬೇಕಾದಕ್ಕಿಂತ ಹೆಚ್ಚೇ ಬಣ್ಣ ಕಲಸಿಕೊಳ್ಳಿ, ನಡುವೆ ಮುಗಿದರೆ ಅದೇ ಬಣ್ಣ ಮತ್ತೆ ಸಿಕ್ಕದು. ಮೇಲಿನಿಂದ ಒಂದು ಎಳೆ ಅಡ್ಡಲಾಗಿ ಎಳೆದರೆ ಅದರ ಕೆಳ ಅಂಚಿನಲ್ಲಿ ಬಣ್ಣದ ನೀರು ಮಣಿಯಂತೆ ಸಾಲಾಗಿ ನಿಲ್ಲುತ್ತದೆ. ಎರಡನೆಯ ಎಳೆ ಆ ನೀರನ್ನು ತಾಗಿಯೇ ಹೋಗಬೇಕು. ಹೀಗೆ ಕೆಳಗಿನವರೆಗೆ. ಕೊನೆಯಲ್ಲಿ ಉಳಿದ ನೀರನ್ನು ಹಿಂಡಿದ ಕುಂಚದಿಂದ ಹೀರಿ. ಹಿಂದಿರುಗಿ ಮೇಲೆ ತಿದ್ದಲು ಹೋಗಬಾರದು. ಇದು ಹೇಳುವಷ್ಟು ಸುಲಭವಲ್ಲ, ಏಕೆಂದರೆ ಕೈ ತಿದ್ದುವುದಕ್ಕೇ ಓಡುತ್ತದೆ.

ತಿದ್ದಿದರೆ ಏನಾಗುತ್ತದೆ? ಅರ್ಧ ಒಣಗಿದ ಬಣ್ಣಕ್ಕೆ ಹೆಚ್ಚು ನೀರಿರುವ ಕುಂಚ ತಾಗಿದರೆ, ಹೊಸ ನೀರು ಹಳೆಯ ಬಣ್ಣದ ಪುಡಿಯನ್ನು ದೂಡುತ್ತ ಹೋಗಿ, ಹೂಕೋಸಿನಂಥ ಅಂಚು ಬಿಡುತ್ತದೆ. ಇನ್ನೊಂದು ಸಂಗತಿ ಹೋಟೆಲಿನ ಮೇಜು ಒರೆಸಿದವರಿಗೆಲ್ಲ ಗೊತ್ತು: ಚೆಲ್ಲಿದ ಹನಿ ಒಣಗಿದಾಗ ಕಲೆಯ ನಡುವೆ ತೆಳು, ಸುತ್ತಲಿನ ಅಂಚು ಕಪ್ಪು. ಇದು ಏಕೆ ಹೀಗೆಂದು ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ೧೯೯೭ರಲ್ಲಿ ವಿವರಿಸಿದರು. ಹನಿಯ ಅಂಚು ಕಾಗದವನ್ನು ಕಚ್ಚಿ ಹಿಡಿದಿರುತ್ತದೆ, ಕುಗ್ಗಲಾರದು. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಹೊರಕ್ಕೆ ಹರಿಯುವಾಗ ಪುಡಿಯನ್ನೂ ಹೊತ್ತೊಯ್ದು ಅಂಚಿನಲ್ಲಿ ಕೆಡವುತ್ತದೆ. ಕಾಫಿಯ ಕಲೆಗೂ ಇದೇ ಕಾರಣ, ನಮ್ಮ ಚಿತ್ರದ ಎಲೆಯ ಅಂಚು ತಾನಾಗಿ ಗಾಢವಾಗುವುದಕ್ಕೂ ಇದೇ ಕಾರಣ. ಕಾರಣ ತಿಳಿದವನು ಅದನ್ನು ದೋಷವೆಂದು ಬೈಯದೆ ಕೆಲಸಕ್ಕೆ ಹಚ್ಚಿಕೊಳ್ಳುತ್ತಾನೆ.

ಹೀಗಾಗಿ ಒಣಗುವ ಹೊತ್ತನ್ನು ಅರಿಯುವುದು ಮುಖ್ಯ. ಕಾಗದ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಣ್ಣ ತಾನಾಗಿ ಹರಡಿ ಬೆರೆಯುತ್ತದೆ. ಆಕಾಶ, ಮೋಡಗಳಿಗೆ ಅದೇ ಹೊತ್ತು. ಹೊಳಪು ಹೋದ ಮೇಲೆ ಕೈ ಕಟ್ಟಿ ಕುಳಿತುಬಿಡಬೇಕು. ಅಂಗೈಯ ಹಿಂಬದಿ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಒಳಗೆ ಹಸಿಯಿದೆ ಎಂದರ್ಥ. ತಣ್ಣಗಿಲ್ಲದಿದ್ದರೆ ಎರಡನೆಯ ಪದರು ಹಚ್ಚಬಹುದು. ದಿಲ್ಲಿಯ ಬೇಸಗೆಯಲ್ಲಿ ಕುಂಚ ಎತ್ತುವುದರೊಳಗೆ ಒಣಗುವ ವಾಶ್, ಮುಂಬಯಿಯ ಜುಲೈ ತಿಂಗಳಲ್ಲಿ ಒಂದು ತಾಸಾದರೂ ಹಸಿಯಾಗಿಯೇ ಇರಬಹುದು. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಒದ್ದೆಯಿರುವಾಗಲೇ ಮುಚ್ಚಿಟ್ಟರೆ ಬಿಲ್ಲೆಗಳ ಮೇಲೆ ಬೂಷ್ಟು ಬರುತ್ತದೆ. ಹಸಿಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ತೆಳುವಾಗುತ್ತದೆಂಬುದನ್ನೂ ನೆನಪಿಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಒಬ್ಬೊಬ್ಬರೇ ಕುಳಿತು ಕಲಿಯತೊಡಗಿದವರಲ್ಲಿ ಬಹಳ ಮಂದಿ ಮೂರನೆಯ ಚಿತ್ರದ ಹೊತ್ತಿಗೆ ನಿಲ್ಲಿಸುತ್ತಾರೆ. ನಿಲ್ಲಿಸುವುದು ಸೋಮಾರಿತನದಿಂದಲ್ಲ, ನಾಚಿಕೆಯಿಂದ. ಅಂಗಡಿಯ ಕ್ಯಾಲೆಂಡರಿನ ಚಿತ್ರವನ್ನೂ ತಮ್ಮದನ್ನೂ ಅಕ್ಕಪಕ್ಕ ಇಟ್ಟು ನೋಡಿ, ಇದು ನಮ್ಮಂಥವರಿಗಲ್ಲವೆಂದು ಪೆಟ್ಟಿಗೆ ಮುಚ್ಚುತ್ತಾರೆ. ಮುಗಿದ ಚಿತ್ರವನ್ನು ಮಾತ್ರ ತೋರಿಸಬೇಕೆಂಬ ಹಟ ಇದಕ್ಕೆ ಮೂಲ. ನೀರುಬಣ್ಣದಲ್ಲಂತೂ ಈ ಹಟ ಹಾನಿಕರ. ಮುಗಿದ ಮೇಲೆ ಹೇಳಿದ ಒಳ್ಳೆಯ ಸಲಹೆಯಿಂದ ಆ ಚಿತ್ರಕ್ಕೆ ಏನೂ ಪ್ರಯೋಜನವಿಲ್ಲ, ಬಿಳಿ ಮುಚ್ಚಿಹೋಗಿರುತ್ತದೆ. ಮೊದಲ ತಿಳಿ ಪದರು ಒಣಗಿದ ಹಂತದಲ್ಲಿ ಯಾರಾದರೂ ಬಂದು, ಈ ಗೋಡೆಯ ಮೇಲೆ ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ಕೇಳಿದರೆ, ಇನ್ನೂ ಎಲ್ಲ ದಾರಿಗಳೂ ತೆರೆದಿರುತ್ತವೆ.

ಈ ಕಾರಣಕ್ಕಾಗಿ ನಮ್ಮ ವಾಚನಾಲಯದ ಹಿಂದಿನ ಗೋಡೆಯ ಹಲಗೆಯನ್ನು ಭಾನುವಾರ ಮಧ್ಯಾಹ್ನದ ಮಟ್ಟಿಗೆ ಅರ್ಧ ಚಿತ್ರಗಳಿಗೆ ಬಿಟ್ಟಿದ್ದೇವೆ. ಮೊದಲು ಕೆಲವು ಹಿರಿಯರು ಬೇಸರಪಟ್ಟರು. ಓದುವ ಮೇಜಿನ ಮೇಲೆ ನೀರಿನ ಲೋಟವೇ ಎಂದರು. ಅವರ ಮಾತು ನ್ಯಾಯವಾದದ್ದೇ. ಈಗ ಮೂಲೆಯ ಒಂದು ಮೇಜಿಗೆ ಮೇಣಬಟ್ಟೆ ಹಾಸಿದೆ, ಲೋಟಗಳು ಅದನ್ನು ದಾಟುವಂತಿಲ್ಲ. ಆಕ್ಷೇಪಿಸಿದವರಲ್ಲಿ ಒಬ್ಬರು ಈಗ ದಾಸವಾಳ ಬರೆಯುತ್ತಿದ್ದಾರೆ.

ಹಲಗೆಯ ಮುಂದೆ ಮಾತಾಡುವ ರೀತಿ ಒಂದಿಷ್ಟು ರೂಢಿಯಾಗಿದೆ. ಬರೆದವರು ಮೊದಲು ತಮಗೆ ಎಲ್ಲಿ ತೊಡಕಾಗಿದೆ ಎಂದು ಹೇಳುತ್ತಾರೆ. ನೋಡಿದವರು ತಮ್ಮ ಕಣ್ಣಿಗೆ ಕಂಡದ್ದನ್ನು ಹೇಳಬೇಕು. ದೋಣಿ ನೀರಿನ ಮೇಲೆ ನಿಂತಂತಿಲ್ಲ, ಗಾಳಿಯಲ್ಲಿದ್ದಂತಿದೆ ಎನ್ನಬಹುದು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬೆರಡು ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ಮತ್ತೊಬ್ಬರ ಕಾಗದದ ಮೇಲೆ ಕುಂಚ ಇಡಬಾರದು, ಬೇಕಾದರೆ ರದ್ದಿ ತುಂಡಿನ ಮೇಲೆ ಮಾಡಿ ತೋರಿಸಬೇಕು. ಪ್ರತಿಯೊಂದು ಪದರಿನ ಮೇಲೆಯೂ ಮೊಬೈಲಿನಲ್ಲಿ ಒಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಹಿಂದಿನವರಿಗಿಲ್ಲದ ಒಂದು ಅನುಕೂಲ. ಚಿತ್ರ ಯಾವ ಹೆಜ್ಜೆಯಲ್ಲಿ ಮಂಕಾಯಿತೆಂದು ಆಮೇಲೆ ಹುಡುಕಬಹುದು.

ಇದರ ಉಪಯೋಗ ಹೇಗೆಂಬುದಕ್ಕೆ ಒಂದು ನಿದರ್ಶನ. ಹೋಟೆಲಿನಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ತಮ್ಮ ಮನೆಯಂಗಳವನ್ನು ನೆನಪಿನಿಂದ ಬರೆಯತೊಡಗಿದರು. ಅವರು ಊರಿಗೆ ಹೋಗದೆ ಆರು ವರ್ಷವಾಗಿತ್ತು. ಆಕಾಶ, ಹೆಂಚು, ಬಾವಿಕಟ್ಟೆಗೆ ತಿಳಿಬಣ್ಣ ಬಿದ್ದಿತ್ತು. ಹಲಸಿನ ಮರ ಇನ್ನೂ ಪೆನ್ಸಿಲಿನ ಗೆರೆಯಲ್ಲೇ ಇತ್ತು. ಹಲಗೆಯ ಮುಂದೆ ಯಾರೋ, ಮರ ಇಷ್ಟು ಹತ್ತಿರವಿದ್ದರೆ ಎಲೆಯೆಲ್ಲ ಬಾವಿಗೆ ಬೀಳುವುದಿಲ್ಲವೇ ಎಂದರು. ಅವರು ಉತ್ತರ ಕೊಡಲಾರದೆ ಅದರ ಛಾಯಾಚಿತ್ರವನ್ನು ಮನೆಗೆ ಕಳುಹಿಸಿದರು. ತಾಯಿಯ ಉತ್ತರ ಅಂದೇ ಸಂಜೆ ಬಂತು: ಹಲಸು ಬಾವಿಯ ಪಕ್ಕದಲ್ಲಿಲ್ಲ ಮಗಾ, ಹಟ್ಟಿಯ ಹಿಂದೆ ಇರುವುದು, ಬಾವಿಯ ಪಕ್ಕದ್ದು ನಿನ್ನ ಅಜ್ಜ ನೆಟ್ಟ ಪುನರ್ಪುಳಿ, ಅದನ್ನು ಕಳೆದ ಮಳೆಗಾಲದಲ್ಲಿ ಕಡಿಸಬೇಕಾಯಿತು. ಕಡಿಸಿದ ಸುದ್ದಿ ಅವರಿಗೆ ತಿಳಿದದ್ದೇ ಆಗ. ಗೆರೆಯನ್ನು ಅಳಿಸಿ ಪುನರ್ಪುಳಿಯನ್ನೇ ಬರೆದರು, ಇಲ್ಲದ ಮರವನ್ನು ಬರೆಯುವುದು ಸರಿಯೇ ಎಂದು ಎರಡು ಭಾನುವಾರ ನಮ್ಮಲ್ಲಿ ಚರ್ಚೆಯೂ ಆಯಿತು. ನನಗಂತೂ ಸರಿಯೆಂದೇ ತೋರಿತು. ಆ ಚಿತ್ರವೀಗ ಅವರ ಮನೆಯಲ್ಲಿದೆ.

ಒಳ್ಳೆಯ ಚಿತ್ರಗಳನ್ನು ಆಗಾಗ ನೋಡುತ್ತಲೂ ಇರಬೇಕು. ಕಾಳಾಘೋಡಾದಲ್ಲಿ ೧೯೫೨ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶಶುಲ್ಕವಿಲ್ಲ, ನಮ್ಮ ಬಟ್ಟೆ ನೋಡಿ ಯಾರೂ ತಡೆಯುವುದಿಲ್ಲ. ಹೊರಗಿನ ಕಾಲುದಾರಿಯ ಚಿತ್ರಗಾರರ ಹತ್ತಿರ ನಿಂತು ನೋಡುವುದೂ ಒಂದು ಪಾಠ.

ಹಲಗೆಗೆ ಚಿತ್ರ ತರುವವರು ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ತಾರೀಖು ಬರೆದು ತರಬೇಕು. ಗುಂಡುಸೂಜಿಗಳು ಗ್ರಂಥಪಾಲರ ಹತ್ತಿರ ಇವೆ. ಕ್ರಿಮ್ಸನ್ ಕೆಂಪು ಬಹುಕಾಲ ಬಿಸಿಲು ಬಿದ್ದರೆ ಮಾಸುವಂಥದಾದ್ದರಿಂದ ಚಿತ್ರಗಳನ್ನು ವಾರಗಟ್ಟಲೆ ಅಲ್ಲಿಯೇ ಬಿಡಬೇಡಿ. ಮಳೆ ನಿಲ್ಲುವವರೆಗೆ ಕಿಟಕಿಯ ಕಡೆಯ ಅಂಚನ್ನು ಖಾಲಿ ಇಡಿ, ಎರಚಲು ಬರುತ್ತದೆ.