ಹೂವಿನ ಎತ್ತರಕ್ಕೆ ಇಳಿದರೆ

ಫೆಬ್ರುವರಿ ಮುಗಿಯುವ ಹೊತ್ತಿಗೆ ಕುರುಚಲು ಕಾಡಿನ ಮುತ್ತುಗದ ಮರ ಎಲೆ ಕಳಚಿ ಮೈತುಂಬ ಹೂ ಬಿಟ್ಟಿರುತ್ತದೆ. ಅಡ್ಡಾಡಲು ಹೋದವರು ಮೊದಲು ಮೊಬೈಲ್ ಎತ್ತುವುದೇ ಅದರತ್ತ. ಆದರೆ ಚಿತ್ರದಲ್ಲಿ ಉಳಿಯುವುದು ಬರೀ ಕೇಸರಿ ಮುದ್ದೆ. ನಡುಬಿಸಿಲಿನಲ್ಲಿ ಆ ಗಾಢ ಕೆಂಪು ಕ್ಯಾಮೆರಾ ಸೆನ್ಸರಿನ ಮಿತಿ ಮೀರುತ್ತದೆ. ಎಸಳಿನ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ ನೋಡಿದರೆ ಬಾಗಿದ ಎಸಳೂ ಕಡುಕಂದು ಪುಷ್ಪಪಾತ್ರೆಯೂ ಬೇರೆಬೇರೆಯಾಗಿ ಎದ್ದು ಕಾಣುತ್ತವೆ.

ನಿಜವಾದ ಪರೀಕ್ಷೆ ನೆಲದ ಮೇಲಿದೆ.

ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದರೆ ಸಾಕು, ಮಲೆನಾಡಿನಲ್ಲಿ ತರಗೆಲೆಯ ನಡುವಿನಿಂದ ನೆಲಸಂಪಿಗೆ ಏಳುತ್ತದೆ. ಕಾಂಡ ಕಾಣದು, ಎಲೆಯೂ ಇಲ್ಲ. ಮಣ್ಣಿನಿಂದ ನೇರವಾಗಿ ಹೂವು. ಬಿಳಿ ಎಸಳುಗಳ ನಡುವೆ ಎರಡಾಗಿ ಸೀಳಿದ ನೇರಳೆ ತುಟಿ, ಬಗ್ಗಿದರೆ ಘಮ್ಮೆನ್ನುವ ಪರಿಮಳ. ಒಂದು ಹೂವಿನ ಆಯಸ್ಸು ಹೆಚ್ಚುಕಡಿಮೆ ಒಂದು ದಿನ. ಹಾಗಾಗಿ ಬೆಳಿಗ್ಗೆಯೇ ಹೋಗಬೇಕು. ಆಗ ಗಾಳಿಯೂ ಕಡಿಮೆ. ನಿಂತಲ್ಲಿಂದ ಕ್ಲಿಕ್ಕಿಸಿದರೆ ಹೂವು ನೆಲಕ್ಕೆ ಅಂಟಿದ ಕಲೆಯಂತೆ ಕಾಣುತ್ತದೆ. ಮೊಬೈಲನ್ನು ತಲೆಕೆಳಗು ಮಾಡಿ ಹಿಡಿದರೆ ಲೆನ್ಸ್ ಮಣ್ಣಿನ ಮಟ್ಟಕ್ಕೆ ಬರುತ್ತದೆ, ಹಿಂದಿನ ಮರಗಳೂ ಚೌಕಟ್ಟಿನೊಳಗೆ ಸೇರುತ್ತವೆ. ಬಿಸಿಲು ನೇರ ಬಿದ್ದರೆ ಬಿಳಿ ಎಸಳು ಸುಟ್ಟಂತಾಗುತ್ತದೆ. ಕೊಡೆಯ ನೆರಳು ಹಿಡಿದರೆ ಅದರ ನವಿರು ಉಳಿಯುತ್ತದೆ. ಚಿತ್ರ ಚೊಕ್ಕವಾಗಲೆಂದು ಸುತ್ತಲಿನ ತರಗೆಲೆ ಗುಡಿಸುವವರಿದ್ದಾರೆ. ಅದು ಬೇಡವೇ ಬೇಡ. ಹೂವಿನ ಪಕ್ಕದಲ್ಲೇ ಇನ್ನೊಂದು ಮೊಗ್ಗು ಮಣ್ಣೊಡೆಯುತ್ತಿರಬಹುದು, ಮೊಣಕಾಲೂರುವ ಮುನ್ನ ನೋಡಿಕೊಳ್ಳಬೇಕು.

ಸಸ್ಯ ಗುರುತಿಸಲು ಒಂದು ಚೆಂದದ ಹೂಚಿತ್ರ ಸಾಲದು. ಎಲೆಯ ಎರಡೂ ಬದಿ, ಇಡೀ ಗಿಡ, ಅದು ಬೆಳೆದ ಜಾಗ ಎಲ್ಲವೂ ಬೇಕು. ನೆಲಸಂಪಿಗೆಯ ಎಲೆ ಬರುವುದು ಹೂವು ಮುಗಿದ ಮೇಲೆ, ಅದರ ಕೆಳಬದಿ ನೇರಳೆ. ಮಳೆಗಾಲದಲ್ಲಿ ಅದೇ ಜಾಗಕ್ಕೆ ಮತ್ತೆ ಹೋದವರಿಗಷ್ಟೇ ದಾಖಲೆ ಪೂರ್ತಿಯಾಗುತ್ತದೆ.

ಮೇ ಕಳೆಯುವಾಗ ಮರದ ಕೊಂಬೆಗಳಲ್ಲಿ ಸೀತಾಳೆ ದಂಡೆ ಇಳಿಬೀಳುತ್ತದೆ: ಬಿಳಿಯ ಮೇಲೆ ಗುಲಾಬಿ-ನೇರಳೆ ಚುಕ್ಕಿಯ ನೂರಾರು ಪುಟ್ಟ ಹೂಗಳ ಗೊಂಚಲು. ಇದೇ ಆರ್ಕಿಡ್ ಅಸ್ಸಾಮಿನ ರಾಜ್ಯಪುಷ್ಪ. ಕಾಡಿನಿಂದ ಕಿತ್ತು ಮಾರುವವರ ಕಣ್ಣು ಇಂಥ ಆರ್ಕಿಡ್‌ಗಳ ಮೇಲಿರುವುದರಿಂದ, ಚಿತ್ರ ಹಂಚುವ ಮೊದಲು ಅದರಲ್ಲಿ ಸೇರಿರುವ ಲೊಕೇಶನ್ ತೆಗೆದುಹಾಕುವುದು ಕಡ್ಡಾಯ. ಸಸ್ಯ-ಪ್ರಾಣಿಗಳ ಚಿತ್ರ ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣಗಳು ಅಳಿವಿನಂಚಿನ ಪ್ರಭೇದಗಳ ನಿಖರ ಜಾಗವನ್ನು ತಾವಾಗಿಯೇ ಮರೆಮಾಡುತ್ತವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಊರು, ಮರ ಎರಡನ್ನೂ ಹೇಳದೆ ಇರುವ ಹೊಣೆ ಚಿತ್ರ ತೆಗೆದವರದ್ದೇ.